ಅರಸನ ಅರಸಿ, ನಾಡಿನ ಅಮ್ಮಾಜಿ: ಕೆಳದಿಯ ಚೆನ್ನಮ್ಮಾಜಿ

ಅರಸನ ಕೈಹಿಡಿದವಳು ಅರಸಿ. ಕನ್ನಡ ನಾಡಿನ ಶಾಸನಗಳು ಆಕೆಯನ್ನು ಪಿರಿಯರಸಿ, ಪಟ್ಟಮಹಾದೇವಿ ಎಂದು ಬಗೆಬಗೆಯಾಗಿ ಗೌರವಿಸಿವೆ. ಆದರೆ ಈ ಬಿರುದುಗಳು ಪತಿಯ ಪಟ್ಟದಿಂದ ಬಂದಂಥವು. ಆ ಪತಿಯೇ ರಾಜಧರ್ಮವನ್ನು ಮರೆತರೆ ಅರಸಿಯ ಕರ್ತವ್ಯವೇನು? ಈ ಪ್ರಶ್ನೆಗೆ ತಮ್ಮ ಬದುಕಿನಿಂದಲೇ ಉತ್ತರವಿತ್ತವರು ಕೆಳದಿಯ ಚೆನ್ನಮ್ಮಾಜಿ. ಆಂಗ್ಲರ ವಿರುದ್ಧ 1824ರಲ್ಲಿ ಹೋರಾಡಿದ ಕಿತ್ತೂರಿನ ರಾಣಿ ಚೆನ್ನಮ್ಮನವರಿಗಿಂತ ಇವರು ಸುಮಾರು ಒಂದೂವರೆ ಶತಮಾನ ಹಿಂದಿನವರು. ಹೆಸರು ಒಂದೇ ಆದುದರಿಂದ ಇಬ್ಬರನ್ನೂ ಒಬ್ಬರೆಂದು ಭಾವಿಸುವವರು ಇಂದಿಗೂ ಉಂಟು.

ಮಲೆನಾಡಿನ ಕೆಳದಿ ಅರಸರು ಲಿಂಗವಂತ ಮನೆತನದವರು. ಕೆಳದಿ, ಇಕ್ಕೇರಿಗಳ ತರುವಾಯ ಬಿದನೂರು ಅವರ ರಾಜಧಾನಿಯಾಯಿತು. ಶಿಸ್ತಿನ ಶಿವಪ್ಪನಾಯಕರಂಥ ದಕ್ಷ ದೊರೆ ಆಳಿದ ಆ ಸಿಂಹಾಸನಕ್ಕೆ 1664ರಲ್ಲಿ ಸೋಮಶೇಖರ ನಾಯಕರು ಬಂದರು. ಕೋಟಿಪುರದ ಸಿದ್ದಪ್ಪಶೆಟ್ಟರ ಮಗಳು ಚೆನ್ನಮ್ಮನನ್ನು ಕೆಳದಿಯ ರಾಮೇಶ್ವರನ ಜಾತ್ರೆಯಲ್ಲಿ ಕಂಡು, ಮೆಚ್ಚಿ ವರಿಸಿದರೆಂಬುದು ಪ್ರತೀತಿ. ರಾಜಕುಮಾರಿಯಲ್ಲದ ವರ್ತಕರ ಮನೆಯ ಮಗಳು ಹೀಗೆ ಕೆಳದಿಯ ಅರಸಿಯಾದರು. ಅರಮನೆಗೆ ಬಂದ ಮೇಲೆ ಅವರು ಅಂತಃಪುರದ ಸುಖದಲ್ಲಿ ಮೈಮರೆಯಲಿಲ್ಲ. ಶಸ್ತ್ರವಿದ್ಯೆ, ರಾಜನೀತಿಗಳನ್ನು ಅರಿತುಕೊಂಡರು. ಶಿವಪೂಜೆ, ಜಂಗಮ ದಾಸೋಹಗಳನ್ನು ನಡೆಸಿಕೊಂಡು ಬಂದರು.

ಆ ನೆಮ್ಮದಿ ಬಹುಕಾಲ ಉಳಿಯಲಿಲ್ಲ. ಅರಸರು ಕಲಾವತಿಯೆಂಬ ನರ್ತಕಿಯ ಮೋಹಕ್ಕೆ ಸಿಲುಕಿ ರಾಜ್ಯಭಾರವನ್ನು ಕಡೆಗಣಿಸಿದರು, ಆರೋಗ್ಯವನ್ನೂ ಕಳೆದುಕೊಂಡರು. ಪತಿಯನ್ನು ಸರಿದಾರಿಗೆ ತರಲು ಅರಸಿ ಮಾಡಿದ ಯತ್ನಗಳು ಫಲಿಸಲಿಲ್ಲ. ಕೊನೆಗೆ ಸೋಮಶೇಖರ ನಾಯಕರು ಕೊಲೆಗೀಡಾದರು. ಮಕ್ಕಳಿಲ್ಲದ ಸಿಂಹಾಸನದ ಮೇಲೆ ಹಲವರ ಕಣ್ಣು ಬಿದ್ದಿತು. ಬಿಜಾಪುರದ ಸೈನ್ಯವೂ ಗಡಿಯೊಳಗೆ ನುಗ್ಗಿತು.

ಪತಿಯೊಂದಿಗೆ ಅರಸಿಯ ಪದವಿಯೂ ಮುಗಿಯಿತೆಂದು ಶತ್ರುಗಳು ಎಣಿಸಿದ್ದರೆ ಅದು ಅವರ ಭ್ರಮೆಯಾಗಿತ್ತು. ಚೆನ್ನಮ್ಮಾಜಿ ಭುವನಗಿರಿ ದುರ್ಗವನ್ನು ಸೇರಿ, ನಿಷ್ಠರಾದ ಅಧಿಕಾರಿಗಳನ್ನೂ ಸೈನಿಕರನ್ನೂ ಒಗ್ಗೂಡಿಸಿದರು. ಶತ್ರುಗಳನ್ನು ಹಿಮ್ಮೆಟ್ಟಿಸಿ, 1672ರ ಸುಮಾರಿಗೆ ತಾವೇ ಪಟ್ಟವನ್ನೇರಿದರು. ಮುಂದೆ ಕಾಲು ಶತಮಾನ ನಾಡನ್ನು ಆಳಿದರು. ಬಸಪ್ಪನೆಂಬ ಬಾಲಕನನ್ನು ದತ್ತು ಪಡೆದು, ವಿದ್ಯೆ ಆಡಳಿತಗಳಲ್ಲಿ ಪಳಗಿಸಿದರು. ಶಿವತತ್ತ್ವರತ್ನಾಕರವೆಂಬ ಸಂಸ್ಕೃತದ ಬೃಹದ್‌ಗ್ರಂಥವನ್ನು ಮುಂದೆ ರಚಿಸಿದ ಬಸವಪ್ಪನಾಯಕರು ಇವರೇ. ಕರಾವಳಿಯ ಮೆಣಸು, ಅಕ್ಕಿಯ ವ್ಯಾಪಾರವನ್ನು ರಾಣಿ ಪೋಷಿಸಿದರು. ಮಠಗಳಿಗೂ ದೇವಾಲಯಗಳಿಗೂ ದತ್ತಿಗಳನ್ನಿತ್ತರು. ಹುಲಿಕೆರೆಗೆ ಚೆನ್ನಗಿರಿ ಎಂಬ ಹೆಸರು ಬಂದುದು ಅವರಿಂದಲೇ.

ಅವರ ಪದವಿಗೆ ನಿಜವಾದ ಪರೀಕ್ಷೆ ಒದಗಿದುದು 1689ರಲ್ಲಿ. ಛತ್ರಪತಿ ಸಂಭಾಜಿಯವರನ್ನು ಔರಂಗಜೇಬನು ಕೊಲ್ಲಿಸಿದ ಬಳಿಕ, ಅವರ ತಮ್ಮ ರಾಜಾರಾಮರು ಮೊಗಲರಿಂದ ತಪ್ಪಿಸಿಕೊಂಡು ಜಿಂಜಿಯತ್ತ ಹೊರಟಿದ್ದರು. ದಾರಿಯಲ್ಲಿ ಕೆಳದಿಯ ಆಶ್ರಯವನ್ನು ಬೇಡಿದರು. ಬಿಜಾಪುರ, ಗೋಲ್ಕೊಂಡಗಳನ್ನೇ ನುಂಗಿದ್ದ ಬಾದಶಹನ ವೈರಿಗೆ ನೆಲೆ ಕೊಡುವುದೆಂದರೆ ಇಡೀ ರಾಜ್ಯವನ್ನು ಪಣಕ್ಕಿಟ್ಟಂತೆ. ನಿರಾಕರಿಸಿದ್ದರೆ ಯಾರೂ ದೂಷಿಸುತ್ತಿರಲಿಲ್ಲವೇನೋ. ಆದರೆ ಮರೆಹೊಕ್ಕವರನ್ನು ಕಾಯುವುದು ರಾಜಧರ್ಮವೆಂದು ಬಗೆದ ರಾಣಿ, ರಾಜಾರಾಮರನ್ನು ಆದರಿಸಿ, ಸುರಕ್ಷಿತವಾಗಿ ಮುಂದಕ್ಕೆ ಕಳುಹಿಸಿದರು. ಕೆರಳಿದ ಔರಂಗಜೇಬನು ಸೈನ್ಯವನ್ನು ಅಟ್ಟಿದನು. ಮಲೆನಾಡಿನ ದಟ್ಟ ಕಾಡಿನಲ್ಲಿ, ಎಡೆಬಿಡದ ಮಳೆಯಲ್ಲಿ ಆ ದಂಡು ಕಂಗೆಟ್ಟಿತು. ಕೆಳದಿಯ ಯೋಧರು ಎದೆಗೊಟ್ಟು ಹೋರಾಡಿದರು. ಕಡೆಗೆ ಸಂಧಿಯಾಗಿ, ಕೆಳದಿಯ ರಾಜ್ಯ ಉಳಿಯಿತು.

ಇತಿಹಾಸದಲ್ಲಿ ಅವರ ಹೆಸರು ಚೆನ್ನಮ್ಮಾಜಿ ಎಂದೇ ನಿಂತಿದೆ. ಮುಂದೆ ಅದೇ ಸಿಂಹಾಸನದಿಂದ ಆಳಿ, 1763ರಲ್ಲಿ ಹೈದರಾಲಿಯ ದಾಳಿಗೆ ತುತ್ತಾದ ರಾಣಿಯೂ ವೀರಮ್ಮಾಜಿಯೇ. ಅಮ್ಮ ಎಂಬ ಮಾತು ಅಡಗಿರುವ ಈ ಗೌರವವನ್ನು ನಾವು ಬಿರುದಾವಳಿಗಳೆಲ್ಲಕ್ಕಿಂತ ಹಿರಿದೆಂದು ಭಾವಿಸುತ್ತೇವೆ. ಪಟ್ಟದರಸಿಯೆಂಬ ಹೆಸರು ಮದುವೆಯಿಂದ ಬಂದೀತು. ಅಮ್ಮಾಜಿ ಎಂಬುದು ದುಡಿಮೆಯಿಂದ, ಕಾಯುವಿಕೆಯಿಂದ ಬರುವಂಥದು. ರಾಜ್ಯಭಾರವೇ ಅವರ ಕಾಯಕವಾಯಿತು. ಅಂಜಿ ಬಂದವರಿಗೆ ಅಭಯವೀಯುವುದೇ ದಾಸೋಹವಾಯಿತು.

ಅರಸೊತ್ತಿಗೆಗಳು ಇಂದು ಇಲ್ಲ. ಆದರೆ ಮನೆಯಲ್ಲಿ, ಸಂಸ್ಥೆಯಲ್ಲಿ, ಸಮಾಜದಲ್ಲಿ ಪದವಿಗಳಿವೆ; ಪತಿಯ ಅಧಿಕಾರದ ಹೆಸರಿನಲ್ಲಿ ಗೌರವ ಪಡೆಯುವ ಹೆಣ್ಣುಮಕ್ಕಳೂ ಇದ್ದಾರೆ. ಅವರೊಳಗೆ ಸ್ವತಃ ಹೊಣೆ ಹೊರಬಲ್ಲ ಶಕ್ತಿಯಿದೆಯೆಂಬುದನ್ನು ಆಪತ್ತು ಬರುವ ಮುನ್ನವೇ ನಾವು ಗುರುತಿಸಬೇಕು. ಹೆಣ್ಣುಮಕ್ಕಳಿಗೆ ವಿದ್ಯೆಯನ್ನೂ ನಿರ್ಣಯದ ಅಧಿಕಾರವನ್ನೂ ಕೊಡುವುದೇ ಚೆನ್ನಮ್ಮಾಜಿಯವರಿಗೆ ನಾವು ಸಲ್ಲಿಸಬಹುದಾದ ನಿಜವಾದ ಗೌರವ.