ಎರಡನೇ ಸಲ ಕೇಳದ ಪ್ರಶ್ನೆ

ನಮ್ಮ ಬೆಳವಣಕಿ ಕಡೆಯವರು ವಿಮಾನ ಹತ್ತಬೇಕಂದ್ರೆ ಹುಬ್ಬಳ್ಳಿಗೆ ಹೋಗಬೇಕು. ಮೊದಲ ಸಲ ಹತ್ತೋರಿಗೆಲ್ಲ ಮೇಲೆ ಹೋದಮೇಲೆ ಏನಾಗುತ್ತೋ ಅನ್ನೋ ಭಯ. ಆದರೆ ಅತಿ ಹೆಚ್ಚು ಜನ ಸತ್ತ ವಿಮಾನ ಅಪಘಾತ ಆಗಿದ್ದು ಆಕಾಶದಲ್ಲಲ್ಲ, ರನ್‌ವೇ ಮೇಲೆ. ಅಂದು ಟೇಕಾಫ್ ಮಾಡಹೊರಟಿದ್ದ ಕ್ಯಾಪ್ಟನ್ ಯಾಕೋಬ್ ವ್ಯಾನ್ ಜಾಂಟೆನ್ ಅವರ ಬದುಕನ್ನು ನಾವು ಇಂಜಿನಿಯರಿಂಗ್ ಓದುವವರು ತಿಳಿದಿರಬೇಕು.

1927ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಹುಟ್ಟಿದ ಅವರು ಕೆಎಲ್‌ಎಂ ಕಂಪನಿಯಲ್ಲಿ ಬೋಯಿಂಗ್ 747 ಪೈಲಟ್‌ಗಳ ತರಬೇತಿಯ ಮುಖ್ಯಸ್ಥರಾಗಿದ್ದರು. ಕಂಪನಿಯ ಜಾಹೀರಾತಿನಲ್ಲೂ ಅವರದೇ ಫೋಟೊ. ಕೆಲಸ ಹೆಚ್ಚಾಗಿ ಸಿಮ್ಯುಲೇಟರ್‌ನಲ್ಲಿ. ಅಲ್ಲಿ ಟೇಕಾಫ್‌ಗೆ ಅನುಮತಿ ಕೊಡೋರು ಪಾಠ ಹೇಳೋ ಮಾಸ್ತರೇ, ಟವರ್‌ಗೆ ಕಾಯುವ ಮಾತಿಲ್ಲ.

1977ರ ಮಾರ್ಚ್ 27. ಗ್ರ್ಯಾನ್ ಕನೇರಿಯಾ ನಿಲ್ದಾಣದಲ್ಲಿ ಬಾಂಬ್ ಸಿಡಿದು, ಅಲ್ಲಿಗೆ ಹೊರಟ ವಿಮಾನಗಳು ಪಕ್ಕದ ಟೆನೆರಿಫ್ ದ್ವೀಪದಲ್ಲಿ ಇಳಿದವು. ಟ್ಯಾಕ್ಸಿವೇ ತುಂಬ ವಿಮಾನ ನಿಂತಿದ್ದರಿಂದ, ಹೊರಡುವವರು ರನ್‌ವೇ ಮೇಲೆಯೇ ಆ ತುದಿಗೆ ಹೋಗಿ ತಿರುಗಬೇಕಿತ್ತು. ವ್ಯಾನ್ ಜಾಂಟೆನ್ ತುದಿ ಮುಟ್ಟಿ ತಿರುಗಿದರು. ಪ್ಯಾನ್ ಆಮ್‌ನ 747 ಇನ್ನೂ ಅದೇ ರನ್‌ವೇ ಮೇಲೆ ಬರುತ್ತಿತ್ತು. ದಟ್ಟ ಮಂಜು. ಒಬ್ಬರಿಗೊಬ್ಬರು ಕಾಣರು, ಟವರ್‌ಗೆ ಇಬ್ಬರೂ ಕಾಣರು. ನೆಲದ ರಾಡಾರ್ ಇರಲಿಲ್ಲ. ಜೊತೆಗೆ ಸಿಬ್ಬಂದಿಯ ಡ್ಯೂಟಿ ಅವಧಿ ಮುಗಿಯುವ ಆತಂಕ ಬೇರೆ.

ಕ್ಯಾಪ್ಟನ್ ಥ್ರಾಟಲ್ ಮುಂದೂಡಿದಾಗ, ಅನುಮತಿ ಬಂದಿಲ್ಲವೆಂದು ಕೋ ಪೈಲಟ್ ತಡೆದರು. ಆಮೇಲೆ ಟವರ್ ಒಪ್ಪಿದ್ದು ಹಾರಿದ ಮೇಲೆ ಹಿಡಿಯುವ ಮಾರ್ಗಕ್ಕೆ, ಟೇಕಾಫ್‌ಗಲ್ಲ. ಕ್ಯಾಪ್ಟನ್ ಹೊರಟೇಬಿಟ್ಟರು. ಈ ಸಲ ಕೋ ಪೈಲಟ್ ತಡೆಯಲಿಲ್ಲ. ಎರಡು ತಿಂಗಳ ಹಿಂದಷ್ಟೇ ಅವರನ್ನು 747ಕ್ಕೆ ಪರೀಕ್ಷಿಸಿ ಪಾಸ್ ಮಾಡಿದ್ದು ಇದೇ ಕ್ಯಾಪ್ಟನ್. ಕಾಯಲು ಹೇಳಿದ ಟವರ್ ಮಾತು, ಇನ್ನೂ ರನ್‌ವೇ ಮೇಲಿದ್ದೇವೆಂಬ ಪ್ಯಾನ್ ಆಮ್ ಮಾತು ಒಂದೇ ಕ್ಷಣಕ್ಕೆ ಬಂದು ರೇಡಿಯೋದಲ್ಲಿ ಕಲಸಿಹೋದವು. ಫ್ಲೈಟ್ ಇಂಜಿನಿಯರ್‌ಗೆ ಮಾತ್ರ ಅನುಮಾನ. ಆ ವಿಮಾನ ರನ್‌ವೇ ಬಿಟ್ಟಿದೆಯೇ ಎಂದು ಕೇಳಿದರು. ಕ್ಯಾಪ್ಟನ್ ಖಡಾಖಂಡಿತವಾಗಿ ಹೌದೆಂದರು. ಇಂಜಿನಿಯರ್ ಸುಮ್ಮನಾದರು.

ಸತ್ತವರು 583 ಜನ. 50ರ ಕ್ಯಾಪ್ಟನ್ ಕೂಡ ಅವರಲ್ಲೊಬ್ಬರು.

ಅಲ್ಲಿಂದ ಮುಂದೆ ಟವರ್ ಟೇಕಾಫ್ ಎಂಬ ಪದವನ್ನು ಅನುಮತಿ ಕೊಡುವಾಗ, ಇಲ್ಲವೇ ಅದನ್ನು ರದ್ದು ಮಾಡುವಾಗ ಮಾತ್ರ ಬಳಸುವುದು ನಿಯಮವಾಯಿತು. ಕಿರಿಯರು ಹಿರಿಯರನ್ನು ತಡೆಯುವುದು, ಹಿರಿಯರು ಅದನ್ನು ಕೇಳಿಸಿಕೊಳ್ಳುವುದು ಪೈಲಟ್‌ಗಳ ತರಬೇತಿಯ ಪಾಠವಾಯಿತು. ಆದರೂ 2010ರಲ್ಲಿ ನಮ್ಮ ಮಂಗಳೂರಿನಲ್ಲಿ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ಸತ್ತರು. ಇಳಿಯುವುದು ಬೇಡ, ಮತ್ತೆ ಮೇಲೇರೋಣ ಎಂದು ಕೋ ಪೈಲಟ್ ಒಂದಕ್ಕಿಂತ ಹೆಚ್ಚು ಸಲ ಹೇಳಿದ್ದರೆಂದು ತನಿಖೆಯಲ್ಲಿ ಗೊತ್ತಾಯಿತು.

ವ್ಯಾನ್ ಜಾಂಟೆನ್ ಕೆಲಸ ಬಾರದವರಲ್ಲ, ಎಲ್ಲರಿಗೂ ಕೆಲಸ ಕಲಿಸಿದವರು. ನಾವೂ ನಾಳೆ ಯಾರದೋ ಸೀನಿಯರ್ ಆಗ್ತೀವಿ. ಅಂದು ಜೂನಿಯರ್ ಒಬ್ಬ ಹಿಂದಿನಿಂದ ಏನಾದರೂ ಕೇಳಿದರೆ, ಹೌದು ಅನ್ನೋ ಮುಂಚೆ ಒಮ್ಮೆ ತಿರುಗಿ ನೋಡೋಣ.