ತಲೆಸುತ್ತಿಗೆ ರಕ್ತ ಕಾರಣವೋ, ಕಿವಿಯೋ? ಮೆನಿಯೆರ್ ಕಂಡ ಉತ್ತರ

ವಯಸ್ಸಾದವರಿಗೆ ತಲೆ ಸುತ್ತಿತೆಂದರೆ ನಾವು ಮೊದಲು ಹೇಳುವುದು, ಬಿಪಿ ಹೆಚ್ಚಾಗಿರಬೇಕು ಎಂದು. 19ನೇ ಶತಮಾನದ ಪ್ಯಾರಿಸ್ಸಿನ ವೈದ್ಯರೂ ಹೆಚ್ಚುಕಡಿಮೆ ಹೀಗೇ ನಂಬಿದ್ದರು. ಮಿದುಳಿಗೆ ರಕ್ತ ನುಗ್ಗಿ ಕಟ್ಟಿಕೊಂಡಿದೆ ಎಂದು ಜಿಗಣೆ ಕಚ್ಚಿಸಿ ರಕ್ತ ತೆಗೆಸುತ್ತಿದ್ದರು. ಮೊದಲೇ ಸುಸ್ತಾದವರು ಇನ್ನಷ್ಟು ಸೊರಗುತ್ತಿದ್ದರು.

1799ರಲ್ಲಿ ಫ್ರಾನ್ಸಿನ ಆಂಜೆಯಲ್ಲಿ ಹುಟ್ಟಿದ ಪ್ರೊಸ್ಪೆರ್ ಮೆನಿಯೆರ್ 1838ರಿಂದ ಪ್ಯಾರಿಸ್ಸಿನ ಕಿವುಡರ ಸಂಸ್ಥೆಯಲ್ಲಿ ವೈದ್ಯರಾಗಿದ್ದರು. ತಲೆಸುತ್ತು, ವಾಂತಿ ಎಂದು ಬಂದ ಕೆಲವರಿಗೆ ಕಿವಿಯಲ್ಲಿ ಮೊರೆತ, ಕಿವುಡುತನವೂ ಇರುವುದನ್ನು ಅವರು ಗಮನಿಸಿದರು. ಪಾರಿವಾಳದ ಒಳಕಿವಿಯ ಅರ್ಧವೃತ್ತ ನಾಳಗಳನ್ನು ಕತ್ತರಿಸಿದರೆ ಅದು ಸಮತೋಲ ಕಳೆದುಕೊಳ್ಳುತ್ತದೆ ಎಂದು ಫ್ಲೂರಾನ್ಸ್ 1820ರ ದಶಕದಲ್ಲೇ ತೋರಿಸಿದ್ದರು. ಎರಡನ್ನೂ ಜೋಡಿಸಿ, ದೋಷ ಒಳಕಿವಿಯದು ಎಂದು ಮೆನಿಯೆರ್ 1861ರ ಜನವರಿಯಲ್ಲಿ ವೈದ್ಯಕೀಯ ಅಕಾಡೆಮಿಯಲ್ಲಿ ಪ್ರಬಂಧ ಓದಿದರು. ಕಿವಿಗೊಟ್ಟವರು ಕಡಿಮೆ. ಮರುವರ್ಷ ಫೆಬ್ರವರಿಯಲ್ಲಿ ನ್ಯುಮೋನಿಯಾದಿಂದ ತೀರಿಕೊಂಡರು. ಕಾಯಿಲೆಗೆ ಅವರ ಹೆಸರು ಬಂದದ್ದು ಆಮೇಲೆ.

ಹಾಗಂತ ರಕ್ತಸಂಚಾರದ ಪಾತ್ರವೇ ಇಲ್ಲ ಎನ್ನುವಂತಿಲ್ಲ. ಹಿರಿಯರು ಥಟ್ಟನೆ ಎದ್ದು ನಿಂತಾಗ ಕಣ್ಣು ಕತ್ತಲಿಟ್ಟರೆ, ಅದು ಹೆಚ್ಚಾಗಿ ಬಿಪಿ ಇಳಿದು ಮಿದುಳಿಗೆ ರಕ್ತ ಸಾಲದೆ ಆಗುವಂಥದ್ದು, ಬಿಪಿ ಏರಿ ಅಲ್ಲ. ವರ್ಷಗಟ್ಟಲೆ ಬಿಪಿ ಹೆಚ್ಚಿದ್ದು ಮಿದುಳಿನ ಸಣ್ಣ ರಕ್ತನಾಳಗಳು ಕೆಟ್ಟರೆ ತಲೆ ಸುತ್ತದೆಯೂ ನಡಿಗೆ ತಪ್ಪಬಹುದು. ಮಲಗಿ ಮಗ್ಗುಲು ಬದಲಿಸಿದಾಗ ಕೋಣೆಯೇ ತಿರುಗಿದಂತಾದರೆ ಸಾಮಾನ್ಯವಾಗಿ ಒಳಕಿವಿಯೇ ಕಾರಣ. ತಲೆಸುತ್ತಿನ ಜೊತೆ ಮಾತು ತೊದಲಿದರೆ ಅಥವಾ ಒಂದು ಕೈ ಸೋತರೆ ಪಾರ್ಶ್ವವಾಯು ಇರಬಹುದು, ಆಗ ಕಾಯದೆ ಆಸ್ಪತ್ರೆಗೆ ಹೋಗಬೇಕು.