ಲೆಕ್ಕ ಬರೆಯುತ್ತಿದ್ದ ಲಿಯೋ ಫೆಂಡರ್

ಕಾಮರ್ಸ್ ಓದುವವನಿಗೆ ಗಿಟಾರ್ ಯಾಕೆ ಎಂದು ಕೇಳುವವರಿಗೆ ನಾನು ಲಿಯೋ ಫೆಂಡರ್ ಹೆಸರು ಹೇಳುತ್ತೇನೆ. ಅವರು 1909ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದರು. ಬಾಲ್ಯದಲ್ಲೇ ಒಂದು ಕಣ್ಣು ಹೋಯಿತು. ಓದಿದ್ದು ನಮ್ಮ ಹಾಗೆ ಅಕೌಂಟೆನ್ಸಿ. ಆರ್ಥಿಕ ಕುಸಿತದ ಕಾಲದಲ್ಲಿ ಲೆಕ್ಕದ ಕೆಲಸ ಹೋಯಿತು. 1938ರಲ್ಲಿ ಸಾಲ ಮಾಡಿ ರೇಡಿಯೋ ರಿಪೇರಿ ಅಂಗಡಿ ತೆರೆದರು.

ಆಗ ಬಾಸ್ ಎಂದರೆ ಆಳೆತ್ತರದ ಮರದ ವಾದ್ಯ. ಡ್ರಮ್ ಸದ್ದಿನಲ್ಲಿ ಅದು ಸರಿಯಾಗಿ ಕೇಳುತ್ತಿರಲಿಲ್ಲ. 1951ರಲ್ಲಿ ಲಿಯೋ ಎಲೆಕ್ಟ್ರಿಕ್ ಬಾಸ್ ಗಿಟಾರ್ ತಂದರು. ಆದರೆ ಮಂದ್ರ ಸ್ವರಕ್ಕೆ ಹೆಚ್ಚು ಗಾಳಿ ಅಲುಗಬೇಕು, ಸಣ್ಣ ಸ್ಪೀಕರ್ ಸಾಲದೆ ಒಡಕು ಸದ್ದು ಮಾಡುತ್ತದೆ. ಅದಕ್ಕೆಂದೇ 1952ರಲ್ಲಿ ಆಂಪ್ಲಿಫೈಯರ್, 15 ಇಂಚಿನ ಸ್ಪೀಕರ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುವ 'ಬಾಸ್‌ಮನ್' ಕಾಂಬೊ ಮಾಡಿದರು. ತಮಾಷೆಯೆಂದರೆ ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ! ನುಡಿಸುವವರ ಕೈಗೆ ಕೊಟ್ಟು, ಅವರ ದೂರು ಕೇಳಿ ತಿದ್ದುತ್ತಿದ್ದರು. ಮುಂದೆ ನಾಲ್ಕು 10 ಇಂಚಿನ ಸ್ಪೀಕರ್ ಹಾಕಿದಾಗ ಗಿಟಾರ್‌ನವರೂ ಆ ಪೆಟ್ಟಿಗೆಗೆ ಮುಗಿಬಿದ್ದರು.

ನಮ್ಮ ಅಬ್ಬಾ ಬಾಸ್ ಗಿಟಾರ್‌ಗೆ ಒಪ್ಪಿದ್ದಾರೆ, ಕಾಂಬೊಗೆ ಇನ್ನೂ ಇಲ್ಲ. ಹಣ ಕೂಡಿಡುತ್ತಿದ್ದೇನೆ. ಅಂಗಡಿಗೆ ಹೋದರೆ ಬಣ್ಣ, ಗುಂಡಿ ನೋಡುವುದಿಲ್ಲ. ದಪ್ಪ ತಂತಿ ಮೀಟಿ, ವಾಲ್ಯೂಮ್ ಏರಿಸಿ, ಸ್ವರ ಒಡೆಯುತ್ತದೆಯೇ ಎಂದು ಕೇಳುತ್ತೇನೆ.

ಲಿಯೋ 1965ರಲ್ಲಿ ಕಂಪನಿಯನ್ನು 1 ಕೋಟಿ 30 ಲಕ್ಷ ಡಾಲರ್‌ಗೆ ಮಾರಿದರು. ಸುಮ್ಮನೆ ಕೂರಲಿಲ್ಲ. 1991ರಲ್ಲಿ ತೀರಿಕೊಳ್ಳುವಾಗಲೂ ಇನ್ನೊಂದು ವರ್ಕ್‌ಶಾಪ್‌ನಲ್ಲಿ ಗಿಟಾರ್ ಮಾಡುತ್ತಿದ್ದರು.